ಒಳಗೆ ಯಾರೋ ಇದ್ದಾರೆ

ನಾನು ಅಕ್ಕಿಕಾಳಿನಷ್ಟು ದೊಡ್ಡ ದೀಪ. ದೊಡ್ಡ ಎಂದೆನೆಂದು ನಗಬೇಡಿ. ನನ್ನ ಬಳಗದಲ್ಲಿ ಸಾಸಿವೆಕಾಳಿನಷ್ಟು ಇರುವವರೂ ಇದ್ದಾರೆ, ಅವರ ಮುಂದೆ ನಾನು ಸಾಹುಕಾರನೇ ಸೈ. ನನಗೆ ಎಣ್ಣೆ ಬೇಡ, ಬತ್ತಿ ಬೇಡ, ಗಾಳಿಯ ಭಯವಿಲ್ಲ. ಚಿಟಿಕೆ ಕರೆಂಟು ಕೊಟ್ಟರೆ ಹಸಿರಾಗಿ ಹೊತ್ತಿಕೊಳ್ಳುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಸುಮ್ಮನೆ ಇರುವುದು ನನ್ನಿಂದಾಗದು. ಹುಟ್ಟಿದಾಗಿನಿಂದ ಚಡಪಡಿಕೆ, ಈಗ ಮುಪ್ಪಿನಲ್ಲೂ ಅದೇ.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ಸೂಜಿಯಂಥ ಒಂದು ಕೈ ನನ್ನನ್ನು ಸುರುಳಿಯಿಂದ ಎತ್ತಿ ಹಸಿರು ಹಲಗೆಯ ಮೇಲೆ ಇಟ್ಟಿತು. ಕೆಳಗೆ ತವರ ಕರಗಿ ನನ್ನ ಎರಡೂ ಕಾಲುಗಳನ್ನು ಕಚ್ಚಿ ಹಿಡಿಯಿತು. ಅಷ್ಟೇ, ಮುಗಿಯಿತು ನನ್ನ ಓಡಾಟ! ಆ ಹಲಗೆಯನ್ನು ದಪ್ಪ ಪುಸ್ತಕದಷ್ಟಿದ್ದ ಒಂದು ಬೂದುಬಣ್ಣದ ಪೆಟ್ಟಿಗೆಯೊಳಗೆ ಕೂರಿಸಿ, ಹೊರಗೆ ಇಣುಕಲು ನನಗೊಂದು ಕಿಂಡಿ ಬಿಟ್ಟರು.

ಪೆಟ್ಟಿಗೆಯ ಹೆಸರು ಕಂಟ್ರೋಲರ್. ಯಂತ್ರಗಳನ್ನು ಆಳುವುದು ಅದರ ಕೆಲಸ. ಮನೆಯ ಕಂಪ್ಯೂಟರು ಸ್ವಲ್ಪ ತಡ ಮಾಡಿದರೆ ಜನ ಗೊಣಗಿ ಸುಮ್ಮನಾಗುತ್ತಾರೆ. ನಮ್ಮ ಪೆಟ್ಟಿಗೆಗೆ ಆ ಸಲಿಗೆ ಇಲ್ಲ. ನೀವು ಒಮ್ಮೆ ರೆಪ್ಪೆ ಬಡಿಯುವುದರೊಳಗೆ ಅದು ಎಲ್ಲ ತಂತಿಗಳ ಮಾತು ಕೇಳಿ, ಲೆಕ್ಕ ಹಾಕಿ, ಉತ್ತರ ಕೊಟ್ಟು, ಮತ್ತೆ ಕೇಳಲು ಸಿದ್ಧವಾಗಿರಬೇಕು. ಗಡುವು ತಪ್ಪಿದರೆ ಎಲ್ಲೋ ಒಂದು ಕಡೆ ಚಕ್ರ ತಪ್ಪಿ ತಿರುಗಿತೆಂದೇ ಲೆಕ್ಕ.

ಪೆಟ್ಟಿಗೆಯ ಮುಖದ ಮೇಲೆ ನಾವು ಮೂವರು. ಮೊದಲನೆಯವನು ಪವರ್. ಕರೆಂಟು ಇದ್ದರೆ ಉರಿಯುತ್ತಾನೆ, ಹೋದರೆ ಆರುತ್ತಾನೆ, ಅದರಾಚೆ ತಲೆ ಕೆಡಿಸಿಕೊಂಡವನಲ್ಲ. ಎರಡನೆಯವನು ಸ್ಟೇಟಸ್. ಪೆಟ್ಟಿಗೆಗೆ ಕಾಯಿಲೆ ಬಂದರೆ ಮಾತ್ರ ಮಿಣುಕುತ್ತಾನೆ. ಸದಾ ವೈದ್ಯರ ಗತ್ತು! ಮೂರನೆಯವನು ನಾನು. ನನ್ನ ಪಕ್ಕದಲ್ಲಿ 'ಯೂಸರ್' ಎಂದು ಬರೆದಿತ್ತು. ಎಂದರೆ ಯಾರು ಪ್ರೋಗ್ರಾಂ ಬರೆಯುತ್ತಾರೋ ಅವರು ಹೇಳಿದಂತೆ ನಾನು ಉರಿಯಬೇಕು. ನನಗೆ ನನ್ನದೇ ಆದ ಅರ್ಥವಿಲ್ಲ. ನೆರೆಯ ಇಬ್ಬರಿಗೂ ಹುಟ್ಟುತ್ತಲೇ ಕೆಲಸ ಸಿಕ್ಕಿತ್ತು, ನನಗೆ ಮಾತ್ರ 'ಕಾಯುತ್ತಿರು' ಎಂದಿದ್ದರು. ನನ್ನ ಚಡಪಡಿಕೆಯ ಮೂಲ ಇದೇ ಇರಬೇಕು.

ಹುಬ್ಬಳ್ಳಿಯ ಒಂದು ಎಂಜಿನಿಯರಿಂಗ್ ಕಾಲೇಜಿನ ಪ್ರಯೋಗಶಾಲೆಗೆ ಬಂದೆ. ಅಲ್ಲಿ ನನ್ನ ಮೇಲೆ ಮೊದಲು ಕೈಯಿಟ್ಟವಳು ಅನ್ನಪೂರ್ಣಾ ಕಮ್ಮಾರ. ಗದಗಿನ ಹುಡುಗಿ, ಕುಲುಮೆ ಇದ್ದ ಮನೆಯವಳು. ತಂದೆ ಕಬ್ಬಿಣ ಬಡಿಯುತ್ತಿದ್ದರು. ಅವಳ ಕೈಯೂ ಸುಮ್ಮನಿರುತ್ತಿರಲಿಲ್ಲ. ಕಂಡದ್ದನ್ನೆಲ್ಲ ಮುಟ್ಟಿ ನೋಡಬೇಕು, ತಟ್ಟಿ ನೋಡಬೇಕು. ನನಗೆ ಅವಳು ಹಿಡಿಸಿದಳು.

ದೀಪವನ್ನು ಹೊತ್ತಿಸಿ ಆರಿಸುವುದು ಅಲ್ಲಿ ಎಲ್ಲರಿಗೂ ಮೊದಲ ಪಾಠ. ಅವಳು ಬರೆದಳು, ಒತ್ತಿದಳು. ನಾನು ಮಿಣುಕಲಿಲ್ಲ. ಜೊತೆಯ ಹುಡುಗಿಯರು, "ಏ, ಇದರ ದೀಪಾ ಹೋಗೇತಿ ಬಿಡ. ಬ್ಯಾರೆ ಪೆಟ್ಟಿಗೆ ತಗೊ" ಎಂದರು. ಅವಳು ಬಿಡಲಿಲ್ಲ. ಎರಡೂ ಅಂಗೈಗಳಿಂದ ನನ್ನ ಸುತ್ತ ನೆರಳು ಮಾಡಿ ಬಗ್ಗಿ ನೋಡಿದಳು. ಅವಳ ಉಸಿರು ನನ್ನ ಕಿಂಡಿಗೆ ತಾಗಿತು.

"ಹೋಗಿಲ್ಲಲೇ, ಮಬ್ಬಾಗಿ ಉರ್ಯಾಕತ್ತೇತಿ!" ಎಂದಳು.

ಹೌದು, ಉರಿಯುತ್ತಿದ್ದೆ. ಹೊತ್ತು, ಆರು, ಹೊತ್ತು, ಆರು ಎಂದು ಬರೆದವಳು ನಡುವೆ ಒಂದಿಷ್ಟು ಬಿಡುವು ಕೊಡಲು ಮರೆತಿದ್ದಳು. ಪೆಟ್ಟಿಗೆ ಆ ಮಾತನ್ನು ಅದೆಷ್ಟು ಜೋರಾಗಿ ನಡೆಸುತ್ತಿತ್ತೆಂದರೆ, ನಾನು ಉಸಿರುಗಟ್ಟಿ ಕುಣಿಯುತ್ತಿದ್ದರೂ ಮನುಷ್ಯರ ಕಣ್ಣಿಗೆ ಮಂಕಾಗಿ ನಿಂತಂತೆ ಕಾಣುತ್ತಿದ್ದೆ. ಅವಳು ನಡುವೆ ಅರ್ಧ ಸೆಕೆಂಡು ಸೇರಿಸಿದಳು. ಆಗ ಮಿಣುಕಿದೆ ನೋಡಿ! ಅವಳು ಮೇಜು ಕುಟ್ಟಿ ನಕ್ಕಳು. ನನ್ನನ್ನು ನೋಡಿ ಯಾರಾದರೂ ನಕ್ಕದ್ದು ಅದೇ ಮೊದಲು.

ಆಮೇಲೆ ಎಷ್ಟು ಕೈ, ಎಷ್ಟು ಅರ್ಥ! ಒಬ್ಬ ನನ್ನನ್ನು ಮೋಟಾರು ತಿರುಗುತ್ತಿದೆ ಎನ್ನಲು ಇಟ್ಟ, ಇನ್ನೊಬ್ಬ ಮೋಟಾರು ನಿಂತಿದೆ ಎನ್ನಲು. ಬೆಳಿಗ್ಗೆ ನಾನು ಬಿಸಿ, ಮಧ್ಯಾಹ್ನ ತಂಪು. ಕೊನೆಗೆ ಹೊಸ ಪೆಟ್ಟಿಗೆಗಳು ಬಂದವು, ನಮ್ಮನ್ನು ಬೀರುವಿನ ಮೇಲೆ ಮಗುಚಿ ಹಾಕಿದರು. ಕರೆಂಟಿಲ್ಲ, ಮಾತಿಲ್ಲ. ಪವರ್ ಅಣ್ಣ ಹಾಯಾಗಿ ನಿದ್ದೆ ಹೊಡೆದ. ನಾನು ಕತ್ತಲಲ್ಲಿ ಒದ್ದಾಡಿದೆ.

ಹಳೆಯ ಸಾಮಾನನ್ನು ಕಾಲೇಜಿನವರು ಹೊರಹಾಕಿದ ದಿನ, ಗುಡ್ಡೆಯೊಳಗಿಂದ ನನ್ನ ಪೆಟ್ಟಿಗೆಯನ್ನು ಎತ್ತಿಕೊಂಡವಳು ಅದೇ ಅನ್ನಪೂರ್ಣಾ. ಅಷ್ಟು ಹೊತ್ತಿಗೆ ಅವಳು ಹುಬ್ಬಳ್ಳಿಯಲ್ಲಿ ಒಂದು ಶಟರಿನ ವರ್ಕ್‌ಶಾಪು ಹಾಕಿದ್ದಳು. ಕಾರ್ಖಾನೆಗಳಿಗೆ ಪ್ಯಾನಲ್, ಎಂದರೆ ಯಂತ್ರ ನಡೆಸುವ ಸ್ವಿಚ್ಚು ತಂತಿಗಳ ಕಪಾಟು, ಕಟ್ಟಿಕೊಡುವ ಕೆಲಸ. ಸೆರಗಿನಿಂದ ನನ್ನ ಧೂಳೊರೆಸಿ, "ನೀನಾ?" ಎಂದಳು. ಪೆಟ್ಟಿಗೆಯ ಮೂಲೆಯಲ್ಲಿದ್ದ ಗೀರು ಕಾಲೇಜಿನ ದಿನಗಳಲ್ಲಿ ಅವಳೇ ಎಳೆದದ್ದು, ಅದರಿಂದ ಗುರುತು ಹಿಡಿದಿದ್ದಳು. ಅವತ್ತು ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅಲ್ಲಿಂದ ನಾನು ಹೋದದ್ದು ಬ್ಯಾಡಗಿಗೆ.

ಬ್ಯಾಡಗಿ ಎಂದರೆ ಮೆಣಸಿನಕಾಯಿ. ಅದರ ಕೆಂಪು ಕೆಡಬಾರದೆಂದು ಚೀಲಗಟ್ಟಲೆ ಕಾಯಿಯನ್ನು ತಂಪು ಕೋಣೆಗಳಲ್ಲಿ ಇಡುತ್ತಾರೆ. ಊರಾಚೆ ಅಂಥದೊಂದು ಕೋಲ್ಡ್ ಸ್ಟೋರೇಜು, ಅದರ ಒಡೆಯರು ಕಲ್ಲಪ್ಪ ಸಾವಕಾರರು. ಗೋಡೆಗಳು ಮೊಳ ದಪ್ಪ, ಬಾಗಿಲು ಹಾಸಿಗೆಯಷ್ಟು ದಪ್ಪ. ಕೋಣೆಯ ತಂಪು ಅಳೆಯುವುದು, ಫ್ಯಾನು ತಿರುಗಿಸುವುದು ನಮ್ಮ ಪೆಟ್ಟಿಗೆಯ ಕೆಲಸ. ನಮ್ಮನ್ನು ಕೂರಿಸಿದ್ದು ದೊಡ್ಡ ಕೋಣೆಯ ಬಾಗಿಲಿನ ಎದುರಿಗೆ, ಮೊಣಕಾಲೆತ್ತರದ ಗಾಜಿನ ಪ್ಯಾನಲ್ಲಿನಲ್ಲಿ. ಹಾಗಾಗಿ ಜನರನ್ನು ನಾನು ಕಾಲಿನಿಂದ ಮೇಲಕ್ಕೆ ನೋಡಿ ಗುರುತಿಸುತ್ತಿದ್ದೆ. ಎಲ್ಲರೂ ಸೀನುತ್ತಿದ್ದರು. ನನಗೆ ಮೂಗಿಲ್ಲವಲ್ಲ, ಬಚಾವಾದೆ.

ಒಡೆದ ಹಿಮ್ಮಡಿಯ ಅಗಲ ಪಾದಗಳು ದ್ಯಾಮಣ್ಣನವು. ಹಮಾಲರ ಮೇಸ್ತ್ರಿ. ನೀಲಿ ಹವಾಯಿ ಚಪ್ಪಲಿಯ ತೆಳ್ಳನೆಯ ಕಾಲುಗಳು ರಾಜೇಸಾಬನವು. ಯಂತ್ರ ನಡೆಸುವ ಆಪರೇಟರ. ಇಬ್ಬರೂ ಒಂದೇ ಓಣಿಯವರು. ಮೊಹರಂ ಬಂತೆಂದರೆ ಅಲಾಯಿ ಕುಣಿತದಲ್ಲಿ ದ್ಯಾಮಣ್ಣ ಹಲಗಿ ಬಾರಿಸಬೇಕು, ರಾಜೇಸಾಬ ಹೆಜ್ಜೆ ಹಾಕಬೇಕು. ಅವರಿಬ್ಬರಿಲ್ಲದೆ ಓಣಿಯಲ್ಲಿ ಕುಣಿತ ಏಳುವುದಿಲ್ಲವೆಂದು ಅಲ್ಲಿ ಮೆಣಸಿನಕಾಯಿ ಆರಿಸುವ ಹೆಂಗಸರು ಹೇಳುತ್ತಿದ್ದರು.

ನನ್ನನ್ನು ಅಲ್ಲಿಗೆ ತರಲು ಕಾರಣವೂ ಈ ದ್ಯಾಮಣ್ಣನೇ. ಹಿಂದಿನ ಸುಗ್ಗಿಯಲ್ಲಿ ಅವನು ಚೀಲಗಳ ಹಿಂದೆ ಇದ್ದಾಗ ಯಾರೋ ಬಾಗಿಲು ಹಾಕಿದ್ದರು. ಒಳಗಿನ ಚಿಲಕ ತುಕ್ಕು ಹಿಡಿದು ಕೂತಿತ್ತು. ಕೂಗಿದ್ದು ಯಾರಿಗೂ ಕೇಳಲಿಲ್ಲ. ಬೇರೆ ಕೆಲಸಕ್ಕೆ ಯಾರೋ ಬಾಗಿಲು ತೆಗೆದಾಗ ಅವನು ತುಟಿ ನೀಲಿಗಟ್ಟಿ ಮುದುಡಿ ಕೂತಿದ್ದ. ಬದುಕಿದ್ದೇ ದೊಡ್ಡದು. ಅಂದಿನಿಂದ ಅವನಿಗೆ ಆ ಹೊಸ್ತಿಲು ದಾಟುವಾಗ ಕಾಲು ನಡುಗುತ್ತಿತ್ತು. ಹೊರಗೆ ಯಾರಿಗೂ ಗೊತ್ತಾಗದ ಆ ನಡುಕ, ಕೆಳಗೆ ಕೂತ ನನಗೆ ಕಾಣುತ್ತಿತ್ತು.

ಅನ್ನಪೂರ್ಣಾ ನನಗೆ ಆಗ ಒಂದು ಅರ್ಥ ಕೊಟ್ಟಳು. "ಒಳಗ ಮನಷ್ಯಾ ಇದ್ರ ಈ ಹಸರ ದೀಪಾ ಹತ್ತತೈತಿ ನೋಡು ದ್ಯಾಮಣ್ಣಾ. ಇದು ಹತ್ತಿರೂತನಕಾ ರಾಜೇಸಾಬ ಬಾಗಲಾ ಹಾಕಂಗಿಲ್ಲ."

ಒಳಗೆ ಮನುಷ್ಯ ಇದ್ದಾನೆ! ಇಷ್ಟು ದೊಡ್ಡ ಮಾತನ್ನು ನನ್ನ ಪಾಲಿಗೆ ಯಾರೂ ಕೊಟ್ಟಿರಲಿಲ್ಲ. ಪವರ್ ಅಣ್ಣನ ಕಡೆ ಓರೆಗಣ್ಣಿನಿಂದ ನೋಡಿದೆ. ಅವನು ಎಂದಿನಂತೆ ಕಲ್ಲು ಮುಖ ಮಾಡಿಕೊಂಡು ಉರಿಯುತ್ತಿದ್ದ.

ಬಾಗಿಲಿನ ಬದಿಗೆ ಹಮಾಲರು ಕಟ್ಟಿದ್ದ ಒಂದು ಹಿತ್ತಾಳೆ ಗಂಟೆ ಇತ್ತು. ಕಾಯಿ ಎಂದರೆ ಅವರಿಗೆ ಲಕ್ಷ್ಮಿ. ಚಪ್ಪಲಿ ಬಿಟ್ಟು, ಗಂಟೆ ಬಾರಿಸಿ, ಬೆರಳನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೋಗುತ್ತಿದ್ದರು. ಕೈಗೆ ಸುಲಭವಾಗಿ ಸಿಗುವ ಜಾಗವೆಂದು ಅನ್ನಪೂರ್ಣಾ ಆ ಗಂಟೆಯನ್ನು ತೆಗೆಸಿ, ಅದೇ ಮೊಳೆಯ ಸ್ಥಾನದಲ್ಲಿ ಒಂದು ಗುಂಡಿ ಕೂರಿಸಿದಳು. ಕೋಣೆಯ ಒಳಗೆ, ಸಿಕ್ಕಿಬಿದ್ದವರಿಗೆಂದು, ಅಂಥದೇ ಇನ್ನೊಂದು. ಒಮ್ಮೆ ಒತ್ತಿದರೆ ನಾನು ಹೊತ್ತಬೇಕು, ಮತ್ತೆ ಒತ್ತಿದರೆ ಆರಬೇಕು. ಮೊದಲು ಒಳಗೆ ಹೋಗುವ ಮೇಸ್ತ್ರಿ ಒತ್ತಬೇಕು, ಕಡೆಗೆ ಹೊರಬರುವಾಗ ಅವನೇ ಒತ್ತಬೇಕು. ಸಾವಕಾರರು ಹಾಗೆಯೇ ಆಗಲಿ ಎಂದರು, ಅವಳು ಹಾಗೆಯೇ ಬರೆದಳು.

ಗಂಟೆ ಹೋಗಿತ್ತು, ಗಂಟೆಯ ರೂಢಿ ಹೋಗಿರಲಿಲ್ಲ. ದ್ಯಾಮಣ್ಣ ಒತ್ತಿ ಕಣ್ಣಿಗೊತ್ತಿಕೊಂಡು ಹೋದ, ನಾನು ಹೊತ್ತಿದೆ. ಹಿಂದಿನವನು ಒತ್ತಿ ಕಣ್ಣಿಗೊತ್ತಿಕೊಂಡ, ನಾನು ಆರಿದೆ. ಅವನ ಹಿಂದಿನವನು ಒತ್ತಿದ, ಹೊತ್ತಿದೆ. ದೇವರ ಗಂಟೆಯನ್ನು ಮುಂದಿನವನು ಬಾರಿಸಿದನೆಂದು ಹಿಂದಿನವನು ಸುಮ್ಮನೆ ಹೋಗುತ್ತಾನೆಯೇ? ಗಂಟೆಗಾದರೆ ಎಷ್ಟು ಕೈ ತಾಗಿದರೂ ಶುಭವೇ. ನನ್ನ ಪಾಡು ಮಾತ್ರ ನಾಯಿಪಾಡಾಯಿತು! ಜೋಡಿಯಾಗಿ ಹೋದರೆ ಕತ್ತಲು, ಬೆಸವಾಗಿ ಹೋದರೆ ಬೆಳಕು. ಒಳಗೆ ಜನರಿದ್ದಾಗ ಆರಿರುತ್ತಿದ್ದೆ, ಖಾಲಿ ಕೋಣೆಯ ಮುಂದೆ ಹಸಿರಾಗಿ ಬೆಳಗುತ್ತಿದ್ದೆ. ನನಗೆ ಎಲ್ಲ ಗೊತ್ತಿತ್ತು. ಹೇಳಲು ಬಾಯಿಲ್ಲ. ನನ್ನನ್ನು ಹೊತ್ತಿಸಿದವರ ಮಾತನ್ನೇ ನಾನು ಆಡಬೇಕು, ಅದು ಸುಳ್ಳಾದರೂ.

"ಮೇಡಮ್ಮಾರ, ನಿಮ್ಮ ದೀಪಕ್ಕ ಹುಚ್ಚ ಹಿಡದೈತ್ರಿ" ಎಂದು ರಾಜೇಸಾಬ ಫೋನು ಮಾಡಿದ.

ಅವಳು ಓಡಿ ಬಂದಳು. ಪ್ಯಾನಲ್ಲಿನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಮೊದಲು ಪವರ್ ಅಣ್ಣನನ್ನು ನೋಡಿದಳು, ಸರಿಯಿದ್ದ. ಸ್ಟೇಟಸ್ ಮಿಣುಕುತ್ತಿಲ್ಲ, ಎಂದರೆ ಪೆಟ್ಟಿಗೆ ಆರೋಗ್ಯವಾಗಿದೆ. ನನಗೆ ಬೇರೆ ಪುಟ್ಟ ಪ್ರೋಗ್ರಾಂ ಕೊಟ್ಟು ಮಿಣುಕಿಸಿದಳು. ಹಿಂದೆ ಕಾಲೇಜಿನಲ್ಲಿ ಮಾಡಿದ ಹಾಗೆ ಠಾಕುಠೀಕಾಗಿ ಮಿಣುಕಿದೆ. "ನೀ ಪಾಡ ಅದೀ, ನಿನಗೇನೂ ಆಗಿಲ್ಲ" ಎಂದಳು ನನಗೆ. ಮೀಟರು ಹಿಡಿದು ಗುಂಡಿಯ ತಂತಿಯನ್ನು ಉದ್ದಕ್ಕೂ ಪರೀಕ್ಷಿಸಿದಳು, ಅದು ಎಲ್ಲೂ ತುಂಡಾಗಿರಲಿಲ್ಲ. ಪ್ರೋಗ್ರಾಮಿನ ಬೇರೆ ಯಾವ ಮೂಲೆಯಲ್ಲಾದರೂ ನನ್ನನ್ನು ಆರಿಸುವ ಮಾತು ಬರೆದುಬಿಟ್ಟಿದ್ದೇನೆಯೇ ಎಂದು ಹುಡುಕಿದಳು, ಇರಲಿಲ್ಲ. ಪೆಟ್ಟಿಗೆ ಗಡುವು ತಪ್ಪುತ್ತಿದೆಯೇ ಎಂದು ಅಳೆದಳು, ಅದೂ ಇಲ್ಲ. ಕಡೆಗೆ ಎದ್ದು ತಾನೇ ಗುಂಡಿ ಒತ್ತಿದಳು, ಹೊತ್ತಿದೆ. ಮತ್ತೆ ಒತ್ತಿದಳು, ಆರಿದೆ. ಎಷ್ಟು ಸಲ ಒತ್ತಿದರೂ ತಪ್ಪಲಿಲ್ಲ. ಅವಳು ಒಬ್ಬಳೇ ಒತ್ತುತ್ತಿದ್ದಳಲ್ಲ, ಹೇಗೆ ತಪ್ಪಬೇಕು?

"ಒಳಗ ಹೋಗ್ಬೇಕಾದ್ರ ಗುಂಡಿ ಒತ್ತತೀರಿಲ್ಲೋ ದ್ಯಾಮಣ್ಣಾ?"

"ಒತ್ತದನ ಹೊಸ್ತಿಲಾ ದಾಟೂದಿಲ್ರಿ ಮೇಡಮ್ಮಾರ. ಜೀವದ ಪ್ರಶ್ನೆ ಐತಿ" ಎಂದ ಅವನು. ಅವನು ಹೇಳಿದ್ದು ಖರೆ, ಅವಳು ಕೇಳಿದ್ದೂ ಖರೆ. ನಾನು ಗಾಜಿನ ಹಿಂದೆ ಹಲ್ಲು ಕಡಿಯಬೇಕಷ್ಟೆ, ಹಲ್ಲಿದ್ದಿದ್ದರೆ!

ಅವಳು ಸ್ಕ್ರೂ ಬಿಗಿದು ಹೋದಳು. ಮಾರನೆಯ ದಿನ ಮತ್ತೆ ಅದೇ ಕಥೆ. ಬಂದಳು, ಹುಡುಕಿದಳು, ಹೋದಳು. ಹೊಸ ತಂತಿ ಎಳೆದಳು, ಹೊಸ ಗುಂಡಿ ಹಾಕಿದಳು. ಆ ದಿನಗಳಲ್ಲಿ ಅವಳು ಸರಿಯಾಗಿ ಊಟ ಮಾಡಿದ್ದನ್ನು ನಾನು ಕಾಣೆ. ಬುತ್ತಿಯ ಗಂಟು ಬಿಚ್ಚದೆ ಹಾಗೆಯೇ ವಾಪಸು ಹೋಗುತ್ತಿತ್ತು. ಅಷ್ಟರೊಳಗೆ ರಾಜೇಸಾಬ ನನ್ನನ್ನು ನಂಬುವುದು ಬಿಟ್ಟಿದ್ದ. ನಾನು ಹೊತ್ತಿದ್ದರೆ, "ಸುಳ್ಳಬುರುಕಾ" ಎಂದು ಒಳಗೆ ಇಣುಕಿ ನೋಡುತ್ತಿದ್ದ, ಖಾಲಿ ಇರುತ್ತಿತ್ತು. ಇಣುಕಿ ಇಣುಕಿ ಬೇಸತ್ತು ಇಣುಕುವುದನ್ನೂ ಬಿಟ್ಟ. ನನಗೆ ಹೆದರಿಕೆಯಾಗತೊಡಗಿತು. ದೀಪವೇ ಇಲ್ಲದಿದ್ದರೆ ಜನ ಕಣ್ಣಿಟ್ಟು ನೋಡಿಯಾರು. ಸುಳ್ಳು ದೀಪವಿದ್ದರೆ ಅದೂ ಇಲ್ಲ.

ಸಾವಕಾರರು ಒಂದು ಮುಂಜಾನೆ ಬಂದು ಧೋತರದ ಚುಂಗು ಹಿಡಿದು ನಿಂತರು. "ನೋಡವಾ ಅನ್ನಪೂರ್ಣಾ, ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಆದ್ರ ಇವತ್ತ ಸಂಜಿಯೊಳಗ ಇದು ನೆಟ್ಟಗಾಗ್ಲಿಲ್ಲಂದ್ರ ಕಿತ್ತಕೊಂಡ ಹೋಗಿಬಿಡು. ನಾಳೆ ಯಾರರ ಸತ್ರ ನಾ ಯಾರಿಗೆ ಮಾರಿ ತೋರಿಸ್ಲಿ?"

ಅವಳು ತಲೆಯಾಡಿಸಿದಳು. ಅವರು ಹೋದ ಮೇಲೆ ನನ್ನ ಮುಂದೆ ಕೂತು ಗಾಜಿಗೆ ಹಣೆ ಹಚ್ಚಿದಳು. "ಏನಾಗೇತೋ ನಿನಗ? ನನಗರ ಹೇಳೋ" ಎಂದಳು. ಅಯ್ಯೋ, ಹೇಳುವಂತಿದ್ದರೆ ಹೇಳುತ್ತಿರಲಿಲ್ಲವೇ ತಾಯಿ!

ಮಧ್ಯಾಹ್ನ ಹಮಾಲರು ಊಟಕ್ಕೆ ಹೋದರು. ಕಣ್ಣಿಗೆ ಕಂಡದ್ದನ್ನೆಲ್ಲ ನೋಡಿ ಮುಗಿದಿತ್ತು, ಉಳಿದದ್ದು ಒಳಗಿನ ಗುಂಡಿಯೊಂದೇ. ಅದಕ್ಕೆ ಥಂಡಿಯ ಪಸೆ ಹಿಡಿದಿದೆಯೋ ಏನೋ, ನೋಡಿಬಿಡೋಣವೆಂದು ಅವಳು ಎದ್ದಳು. ಒಬ್ಬಳೇ ಹೋಗುವುದು ಬೇಡವೆಂದು ದ್ಯಾಮಣ್ಣ ಜೊತೆಗೆ ಬಂದ. ರಾಜೇಸಾಬ ಆ ಹೊತ್ತಿಗೆ ಹಿಂದಿನ ಕಂಪ್ರೆಸರ್ ಕೋಣೆಯಲ್ಲಿ ಎಣ್ಣೆ ನೋಡುತ್ತಿದ್ದ.

ದ್ಯಾಮಣ್ಣ ಚಪ್ಪಲಿ ಬಿಟ್ಟ, ಗುಂಡಿ ಒತ್ತಿ ಬೆರಳನ್ನು ಕಣ್ಣಿಗೊತ್ತಿಕೊಂಡ. ನಾನು ಹೊತ್ತಿದೆ. ಹಿಂದಿದ್ದ ಅನ್ನಪೂರ್ಣಾಳೂ ಚಪ್ಪಲಿ ಬಿಟ್ಟಳು. ಕಮ್ಮಾರರ ಮಗಳು, ದುಡಿಮೆಯ ಜಾಗಕ್ಕೆ ನಮಸ್ಕಾರ ಮಾಡದೆ ಕಾಲಿಟ್ಟವಳಲ್ಲ. ಅವಳ ಕೈ ತಾನಾಗಿಯೇ ಎದ್ದಿತು, ಗುಂಡಿ ಒತ್ತಿತು, ಕಣ್ಣು ಮುಟ್ಟಿತು. ಅವಳಿಗೇ ತಿಳಿಯಲಿಲ್ಲ.

ನಾನು ಆರಿದೆ. ಅವರು ಚೀಲಗಳ ನಡುವೆ ಒಳಕ್ಕೆ ಹೋದರು.

ನೀಲಿ ಚಪ್ಪಲಿಯ ಕಾಲುಗಳು ಬಂದವು. ಬಾಗಿಲು ಅರ್ಧ ತೆರೆದಿದೆ, ಥಂಡಿ ಸೋರಿಹೋಗುತ್ತಿದೆ. ರಾಜೇಸಾಬ ನನ್ನ ಕಡೆ ನೋಡಿದ. ಅಯ್ಯೋ, ಅವತ್ತೇ ಯಾಕೆ ನೋಡಬೇಕಿತ್ತು! ನಾನು ಆರಿದ್ದೆ. ಮೇಡಮ್ಮನವರ ಚೀಲ ಮೇಜಿನ ಮೇಲಿತ್ತು, ಅದನ್ನು ಅಲ್ಲೇ ಇಟ್ಟು ಊಟಕ್ಕೆ ಹೋಗಿರಬೇಕೆಂದುಕೊಂಡ. ಚಪ್ಪಲಿಗಳೇ ಸಾಕ್ಷಿ ಹೇಳಬಹುದಿತ್ತು, ಆದರೆ ಅಲ್ಲಿ ಕಾಯಿ ಆರಿಸುವ ಹೆಂಗಸರೆಲ್ಲ ಬಿಟ್ಟ ಚಪ್ಪಲಿಗಳ ರಾಶಿಯೇ ಇತ್ತು. ಅವನು ಬಾಗಿಲನ್ನು ಹೆಗಲು ಕೊಟ್ಟು ನೂಕಿ, ಹೊರಗಿನ ಚಿಲಕ ಹಾಕಿದ. ಫ್ಯಾನು ಹಾಕಿದ. ಒಳಗೆ ಗಾಳಿ ಗುಂಯ್ ಎಂದು ಎದ್ದದ್ದು ಗೋಡೆಯ ಈಚೆಗೂ ಕೇಳಿತು.

ನನ್ನ ಒಳಗು ಹೇಗಿದ್ದಿರಬೇಕು ನೀವೇ ಯೋಚಿಸಿ. ಒಳಗೆ ಮನುಷ್ಯರಿದ್ದಾರೆ, ಅದನ್ನು ಹೇಳುವುದೊಂದೇ ನನ್ನ ಕೆಲಸ. ನಾನು ಕತ್ತಲಾಗಿ ಕೂತಿದ್ದೇನೆ! ಒಳಗಿದ್ದವಳು ನನಗೆ ಅರ್ಥ ಕೊಟ್ಟವಳು, ಜೊತೆಗಿದ್ದವನು ಅದನ್ನು ನಂಬಿದವನು. ಪಕ್ಕದಲ್ಲಿ ಪವರ್ ಅಣ್ಣ ಏನೂ ಆಗಿಲ್ಲವೆಂಬಂತೆ ಉರಿಯುತ್ತಿದ್ದ. ಅವನ ಪ್ರಕಾರ ಎಲ್ಲ ಸರಿಯಿತ್ತು, ಕರೆಂಟು ಇತ್ತಲ್ಲ.

ಒಳಗೆ ನಡೆದದ್ದು ಆಮೇಲೆ ಅವರ ಬಾಯಿಂದ ಕೇಳಿ ತಿಳಿದೆ. ಬಾಗಿಲ ಸದ್ದಿಗೆ ಇಬ್ಬರೂ ಓಡಿ ಬಂದರಂತೆ. ತುಕ್ಕು ಹಿಡಿದ ಒಳಚಿಲಕ ಈ ಸಲವೂ ಜಗ್ಗಲಿಲ್ಲ. ಕುಟ್ಟಿದರು, ಕೂಗಿದರು. ಫ್ಯಾನಿನ ಗದ್ದಲದಲ್ಲಿ ತಮ್ಮ ಕೂಗು ತಮಗೇ ಕೇಳಲಿಲ್ಲ. ಆ ಗೋಡೆಯೊಳಗೆ ಫೋನೂ ಸತ್ತಂತೆ. ದ್ಯಾಮಣ್ಣ ಚೀಲಕ್ಕೆ ಒರಗಿ, "ಮತ್ತ ಅದ ಬಂತಲ್ರಿ ಮೇಡಮ್ಮಾರ, ಮತ್ತ ಅದ ಬಂತು" ಎಂದು ನಡುಗತೊಡಗಿದ. ಅನ್ನಪೂರ್ಣಾ ಗುಂಡಿಯ ಕಡೆ ಕೈ ಚಾಚಿದಳು. ಚಾಚಿದ ಕೈಯನ್ನೇ ನೋಡಿದಳು. ಹೊಸ್ತಿಲಲ್ಲಿ ತಾನು ಏನು ಮಾಡಿದೆನೆಂದು ಆಗ ನೆನಪಾಯಿತು ಅವಳಿಗೆ. "ದ್ಯಾಮಣ್ಣಾ, ನೀ ಒತ್ತಿದಿ. ನಿನ್ನ ಹಿಂದ ನಾನೂ ಒತ್ತಿದೆ. ನೀವೆಲ್ಲಾರೂ ದಿನಾ ಹಿಂಗ ಒತ್ತತೀರೇನು?"

"ಮತ್ತ? ಗಂಟಿ ಬಾರಿಸದನ ಹೆಂಗ ಬರೂದ್ರಿ?"

ರೋಗ ಸಿಕ್ಕಿತ್ತು. ಆದರೆ ಕಂಡುಹಿಡಿದವಳು ಬಾಗಿಲ ಒಳಗಿದ್ದಳು.

ಅವಳು ಒತ್ತಿದಳು. ನಾನು ಹೊತ್ತಿದೆ! ಇದ್ದ ಬಲವನ್ನೆಲ್ಲ ಹಾಕಿ ಹೊತ್ತಿದೆ. ಸ್ಟೂಲಿನ ಮೇಲೆ ಕೂತಿದ್ದ ರಾಜೇಸಾಬ ನೋಡಿದ. ನೋಡಿ, "ಶುರುವಾತು ಇದರದು" ಎಂದು ಬೀಡಿ ಹಚ್ಚಲು ಹೊರಗೆ ಹೋದ. ಮರಳಿ ಬಂದಾಗ ನಾನು ಹೊತ್ತಿ ಆರಿ, ಹೊತ್ತಿ ಆರಿ ಮಾಡುತ್ತಿದ್ದೆ. ಒಳಗೆ ಅವಳು ಬಿಡದೆ ಒತ್ತುತ್ತಿದ್ದಳು, ಒಂದೇ ಸಮ. "ಇವತ್ತ ಕುಣ್ಯಾಕತ್ತೈತಿ ಹುಚ್ಚಮುಂಡೇದು!" ಎಂದು ನಕ್ಕು ಸ್ಟೂಲನ್ನು ತಿರುಗಿಸಿ ನನಗೆ ಮಗ್ಗುಲಾಗಿ ಕೂತ. ತಪ್ಪು ಅವನದಲ್ಲ. ಒಂದೇ ಸಮ ಮಿಣುಕುವುದು ಯಂತ್ರದ ಚಾಳಿ. ಕೆಟ್ಟ ಯಂತ್ರ ಹಾಗೆಯೇ ಮಿಣುಕುತ್ತದೆ.

ಹೊತ್ತು ಹೋಯಿತು. ಒತ್ತುವ ಬೆರಳು ಸೋಲುತ್ತಿರುವುದು ನನಗೆ ತಿಳಿಯುತ್ತಿತ್ತು. ಮಿಣುಕಿನ ನಡುವಣ ಬಿಡುವು ಉದ್ದವಾಗುತ್ತಿತ್ತು. ಆಮೇಲೆ ನಿಂತೇಬಿಟ್ಟಿತು. ಆರಿದವನು ಆರಿದಂತೆಯೇ ಉಳಿದೆ. ನನ್ನ ಜೀವನದಲ್ಲಿ ಅಷ್ಟು ಕೆಟ್ಟ ಗಳಿಗೆ ಇನ್ನೊಂದಿಲ್ಲ.

ಆಗ ಬೇರೆ ಕೈ ಬಂತು.

ಡಂಗ್ ಣಕ ಡಂಗ್. ಣಕ ಣಕ ಡಂಗ್. ಮೊದಲಿಗೆ ನನಗೂ ತಿಳಿಯಲಿಲ್ಲ. ನನ್ನನ್ನು ಯಾರೂ ಹಾಗೆ ಉರಿಸಿರಲಿಲ್ಲ. ಉದ್ದ, ಗಿಡ್ಡ, ಉದ್ದ. ಗಿಡ್ಡ, ಗಿಡ್ಡ, ಉದ್ದ. ನಡುವೆ ಒಂದು ತಡೆ, ಮತ್ತೆ ಅದೇ ಪೆಟ್ಟು, ಈಗ ಸ್ವಲ್ಪ ಚುರುಕಾಗಿ. ದ್ಯಾಮಣ್ಣ ಬೆರಳು ಮರಗಟ್ಟಿತೆಂದು ಮುಷ್ಟಿಯ ಗೆಣ್ಣಿನಿಂದ ಗುಂಡಿಯನ್ನು ಬಡಿಯುತ್ತಿದ್ದನಂತೆ, ಅಲಾಯಿಯ ಮುಂದೆ ಹಲಗಿ ಬಾರಿಸುವಂತೆ. ಹೆದರಿಕೆಯಲ್ಲಿ ಅವನ ಕೈಗೆ ಗೊತ್ತಿದ್ದದ್ದು ಅದೊಂದೇ.

ರಾಜೇಸಾಬ ಬೇರೆ ಕಡೆ ನೋಡುತ್ತಿದ್ದ. ನನ್ನ ಬೆಳಕು ಅವನ ಕಣ್ಣಂಚಿಗೆ ಮಾತ್ರ ಬೀಳುತ್ತಿತ್ತು. ನಾನು ಅವನ ಕಾಲು ನೋಡುತ್ತಿದ್ದೆ, ನನ್ನ ಎತ್ತರಕ್ಕೆ ಕಾಣುವುದು ಅದೇ ತಾನೆ. ನೀಲಿ ಚಪ್ಪಲಿಯ ಬಲಗಾಲು ಮೆಲ್ಲಗೆ ಎದ್ದಿತು. ನೆಲಕ್ಕೆ ಬಿತ್ತು. ಎದ್ದಿತು, ಬಿತ್ತು. ಡಂಗ್ ಣಕ ಡಂಗ್. ಕಾಲಿಗೆ ತಿಳಿದಿತ್ತು, ತಲೆಗೆ ಇನ್ನೂ ತಿಳಿದಿರಲಿಲ್ಲ. ಹಿಡಿಯೋ ಮಾರಾಯ, ಹಿಡಿ ಎಂದು ನಾನು ಒಳಗೊಳಗೇ ಕೂಗುತ್ತಿದ್ದೆ. ಕಾಲು ಥಟ್ಟನೆ ನಿಂತಿತು.

ಅವನು ಕೆಳಗೆ ತನ್ನ ಪಾದ ನೋಡಿಕೊಂಡ. ತಲೆ ತಿರುಗಿಸಿ ನನ್ನನ್ನು ನೋಡಿದ.

"ಯಾ ಅಲ್ಲಾ! ಇದು ದ್ಯಾಮನ ಕೈ!"

ಸ್ಟೂಲು ಹಿಂದಕ್ಕೆ ಬಿತ್ತು. ಒಂದು ಚಪ್ಪಲಿ ಕಳಚಿ ನನ್ನ ಗಾಜಿಗೆ ಬಂದು ಬಡಿಯಿತು. ಚಿಲಕ ಸರಿಸಿ ಬಾಗಿಲೆಳೆದ. ಬಿಳಿ ಹಬೆಯ ಜೊತೆಗೆ ಇಬ್ಬರೂ ಹೊರಬಿದ್ದರು. ಹೆಂಗಸರು ಓಡಿ ಬಂದು ಕೌದಿ ಹೊದಿಸಿದರು, ಯಾರೋ ಬಿಸಿ ಚಹಾ ತಂದರು. ರಾಜೇಸಾಬ ದ್ಯಾಮಣ್ಣನ ಗೆಣ್ಣು ಒಡೆದ ಕೈಯನ್ನು ತನ್ನ ಎರಡೂ ಕೈಗಳಲ್ಲಿಟ್ಟುಕೊಂಡು ತಿಕ್ಕುತ್ತ, "ತಪ್ಪಾತೋ ದೋಸ್ತ, ದೀಪಾ ನೋಡಿನೂ ನಂಬ್ಲಿಲ್ಲ" ಎಂದು ಅತ್ತ. ದ್ಯಾಮಣ್ಣ ಹಲ್ಲು ಕಟಕಟಿಸುತ್ತಲೇ, "ಹೆಜ್ಜಿ ತಪ್ಪಲಿಲ್ಲ ಹೌದಿಲ್ಲೋ?" ಎಂದ. ಅಳುತ್ತಿದ್ದವನಿಗೆ ನಗು ಬಂತು.

ಅನ್ನಪೂರ್ಣಾ ಕೌದಿ ಹೊದ್ದುಕೊಂಡೇ ನನ್ನ ಮುಂದೆ ಬಂದು ಕೂತಳು.  "ನಿಂದೇನೂ ತಪ್ಪಿಲ್ಲ. ನಾ ಒಬ್ಬಾಕಿನ ಒತ್ತಿ ನೋಡೂದು ಎಷ್ಟ ದಿನಾ? ಒಂದಿನ ಇವ್ರ ಕೂಡ ಸಾಲಿನಾಗ ನಿಂತಿದ್ರ ಸಾಕಿತ್ತು" ಎಂದಳು.

ಸಾವಕಾರರು ಸುದ್ದಿ ಕೇಳಿ ಬೆವರುತ್ತ ಬಂದರು. ತುಕ್ಕು ಹಿಡಿದ ಒಳಚಿಲಕವನ್ನು ತಾವೇ ನಿಂತು ಬದಲಾಯಿಸಿದರು. ನನ್ನನ್ನು ಕಿತ್ತುಕೊಂಡು ಹೋಗೆಂಬ ಮಾತು ಮತ್ತೆ ಬರಲಿಲ್ಲ. ಸಂಜೆಯೊಳಗೆ ಅನ್ನಪೂರ್ಣಾ ಪ್ರೋಗ್ರಾಂ ಬದಲಿಸಿದಳು. ಒಳಗೆ ಹೋಗುವಾಗ ಒತ್ತಲು ಹಸಿರು ಗುಂಡಿ, ಹೊರಗೆ ಬರುವಾಗ ಒತ್ತಲು ಕೆಂಪು ಗುಂಡಿ. ಎಷ್ಟು ಜನ ಹೋದರು, ಎಷ್ಟು ಜನ ಬಂದರು ಎಂದು ಪೆಟ್ಟಿಗೆ ಎಣಿಸಬೇಕು. ಒಬ್ಬನೇ ಉಳಿದಿದ್ದರೂ ನಾನು ಉರಿಯಬೇಕು. ಗಂಟೆ ಬಾರಿಸುವವರ ರೂಢಿ ಬಿಡಿಸಲು ಅವಳು ಹೋಗಲಿಲ್ಲ, ಅದೇ ರೂಢಿಗೆ ನನ್ನನ್ನು ಕಲಿಸಿದಳು. ಆಮೇಲೆ ಎಲ್ಲ ಹಮಾಲರನ್ನೂ ಸಾಲಾಗಿ ನಿಲ್ಲಿಸಿ ಒಳಗೆ ಕಳಿಸಿ, ಹೊರಗೆ ಕರೆಸಿ, ಮತ್ತೆ ಕಳಿಸಿ ನೋಡಿದಳು. ಪ್ರತಿಯೊಬ್ಬರೂ ಒತ್ತಿದರು, ಕಣ್ಣಿಗೊತ್ತಿಕೊಂಡರು. ನಾನು ಒಂದು ಸಲವೂ ಸುಳ್ಳಾಡಲಿಲ್ಲ.

ಅಲ್ಲಿಂದ ಮುಂದೆ ಬಹಳ ಸುಗ್ಗಿಗಳನ್ನು ನೋಡಿದೆ. ದ್ಯಾಮಣ್ಣನ ಕಾಲಿನ ನಡುಕ ಮೆಲ್ಲಗೆ ನಿಂತಿತು. ರಾಜೇಸಾಬ ಬಾಗಿಲು ಹಾಕುವ ಮುನ್ನ ನನ್ನನ್ನು ನೋಡುತ್ತಿದ್ದ. ನಾನು ಆರಿದ್ದರೂ ಒಮ್ಮೆ ಒಳಗೆ ತಲೆ ಹಾಕಿ, "ಯಾರರ ಅದೀರೇನ್ರಪಾ?" ಎಂದು ಕೂಗುತ್ತಿದ್ದ. ನನಗೆ ಬೇಜಾರಾಗಲಿಲ್ಲ.

ಕಾಲ ಬಂದಾಗ ಅಲ್ಲಿಗೆ ಬಣ್ಣದ ಪರದೆ ಬಂತು, ಸೈರನ್ ಬಂತು. ಅದನ್ನು ಕೂರಿಸಿದವಳೂ ಅನ್ನಪೂರ್ಣಾಳೇ. ನನ್ನ ಪೆಟ್ಟಿಗೆಯನ್ನು ಗುಜರಿಗೆ ಹಾಕಲು ಅವಳಿಗೆ ಮನಸ್ಸು ಬರಲಿಲ್ಲ. ಹುಬ್ಬಳ್ಳಿಯ ತನ್ನ ವರ್ಕ್‌ಶಾಪಿನ ಬಾಗಿಲಿಗೆ ತಂದು ಹಾಕಿದಳು. ಹಳೆಯ ಪ್ರೋಗ್ರಾಂ, ಹಳೆಯ ಎರಡು ಗುಂಡಿ, ಹಳೆಯ ನಾನು. ಈಗ ನನ್ನ ಹಸಿರು ಹಳದಿಗೆ ತಿರುಗಿದೆ, ಸ್ಟೇಟಸ್ ಅಣ್ಣ ಎಂದೋ ಕಣ್ಣು ಮುಚ್ಚಿದ. ಅವಳ ತಲೆಯಲ್ಲೂ ಬಿಳಿಕೂದಲು. ಬಂದವರು ಹಸಿರು ಗುಂಡಿ ಒತ್ತುತ್ತಾರೆ, ಹೋಗುವಾಗ ಕೆಂಪು ಒತ್ತುತ್ತಾರೆ, ಎಷ್ಟೋ ಸಲ ಮರೆಯುತ್ತಾರೆ. ಮಾತಿನ ಭರದಲ್ಲಿ ಹಾಗೆಯೇ ಹೋಗಿಬಿಡುವವರೇ ಹೆಚ್ಚು. ಆಗ ಖಾಲಿ ವರ್ಕ್‌ಶಾಪಿನ ಮುಂದೆ ನಾನು ಉರಿಯುತ್ತ ಉಳಿಯುತ್ತೇನೆ. ಹಳೆಯ ಚಡಪಡಿಕೆ ಮತ್ತೆ ಶುರುವಾಗುತ್ತದೆ: ಸುಳ್ಳಾಡುತ್ತಿದ್ದೇನಲ್ಲ, ಇನ್ನು ಇವಳೂ ನಂಬುವುದು ಬಿಟ್ಟಾಳು.

ನಿನ್ನೆ ಸಂಜೆಯೂ ಹಾಗೆಯೇ ಆಯಿತು. ಅವಳು ಸ್ವಿಚ್ಚುಗಳನ್ನೆಲ್ಲ ಆರಿಸಿ, ಚೀಲ ಹೆಗಲಿಗೆ ಹಾಕಿ, ಕೆಂಪು ಗುಂಡಿ ಒತ್ತಿ ಶಟರಿಗೆ ಕೈ ಹಾಕಿದಳು. ನಾನು ಆರಲಿಲ್ಲ. ಹಗಲಲ್ಲಿ ಬಂದ ತಂತಿ ಅಂಗಡಿಯವನು ಕೆಂಪು ಒತ್ತದೆ ಹೋಗಿದ್ದ, ಅವಳೇ ಅವನನ್ನು ರಸ್ತೆಯವರೆಗೆ ಕಳಿಸಿ ಬಂದಿದ್ದಳು. ಒಳಗೆ ಯಾರೂ ಇಲ್ಲವೆಂದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಎಳೆದ ಶಟರನ್ನು ಅವಳು ಮತ್ತೆ ಮೇಲೆತ್ತಿದಳು. ದೀಪಗಳನ್ನು ಹಾಕಿದಳು. ಹಿಂದಿನ ಕೋಣೆಗೆ ಹೋಗಿ ನೋಡಿದಳು, ಮೇಜಿನ ಕೆಳಗೆ ಬಗ್ಗಿ ನೋಡಿದಳು, ಬಚ್ಚಲ ಬಾಗಿಲು ತೆಗೆದು ನೋಡಿದಳು. "ಯಾರರ ಅದೀರೇನು?" ಎಂದು ಕೂಗಿ, ಉತ್ತರಕ್ಕಾಗಿ ಒಂದು ಗಳಿಗೆ ನಿಂತಳು.

ಆಮೇಲೆ ನನ್ನ ಹತ್ತಿರ ಬಂದಳು.

"ಯಾರೂ ಇಲ್ಲೋ ಮಾರಾಯಾ, ನೋಡಿ ಬಂದೆ" ಎಂದಳು.

ಅಂಗಡಿಯವನ ಪಾಲಿಗೆ ಇನ್ನೊಮ್ಮೆ ಕೆಂಪು ಗುಂಡಿ ಒತ್ತಿ ಬೆರಳನ್ನು ಕಣ್ಣಿಗೊತ್ತಿಕೊಂಡಳು. ನಾನು ಆರಿದೆ.